ಸೆಟೆದು ನಿಂತ ಕೂದಲುಗಳು

ಕೆರೆಯ ನೀರಿನ ಒಂದು ಹನಿಯಲ್ಲಿ ಒಂದು ಸೂಕ್ಷ್ಮಜೀವಿ ಈಜುತ್ತಿತ್ತು. ಅದರ ಮೈತುಂಬ ದೋಣಿಯ ಹುಟ್ಟಿನಂತೆ ಬೀಸುವ ಕೂದಲುಗಳು. ಒಂದೊಂದು ಕೂದಲಿನೊಳಗೂ ಎರಡೆರಡು ಕಿಣ್ವಗಳು. ಎಡದ್ದು ಎಳೆದರೆ ಕೂದಲು ಎಡಕ್ಕೆ ಬಾಗುತ್ತಿತ್ತು, ಬಲದ್ದು ಎಳೆದರೆ ಬಲಕ್ಕೆ. ಒಂದು ಎಳೆಯುವಾಗ ಇನ್ನೊಂದು ಸುಮ್ಮನಿರುತ್ತಿತ್ತು.

ಒಂದು ದಿನ ಅಮೀಬಾವೊಂದು ಆ ಜೀವಿಯನ್ನು ನುಂಗಲು ಹರಿದು ಬಂತು.

ಒಂದು ಕೂದಲಿನ ಎಡದ ಕಿಣ್ವ ಬಲದ್ದನ್ನು ಗದರಿತು: "ಏನಯ್ಯಾ, ಪ್ರಾಣ ಹೋಗುವ ಹೊತ್ತಿನಲ್ಲೂ ನಿನಗೆ ವಿಶ್ರಾಂತಿಯೇ?"

"ನನ್ನ ಸರದಿ ಬರಲಿ, ಅಣ್ಣಾ."

"ಸರದಿಯಂತೆ ಸರದಿ! ಮೈಗಳ್ಳರ ಮಾತು!"

ಆ ಬೈಗುಳ ಕೂದಲಿಂದ ಕೂದಲಿಗೆ ಹಬ್ಬಿತು. ಬಲದ ಕಿಣ್ವಗಳೆಲ್ಲ ನಾಚಿ, ಸರದಿ ಬಿಟ್ಟು ಎಳೆಯತೊಡಗಿದವು. ಎರಡೂ ಕಡೆಯ ಎಳೆತಕ್ಕೆ ಸಿಕ್ಕ ಕೂದಲುಗಳು ಎತ್ತಲೂ ಬಾಗದೆ ಸೆಟೆದು ನಿಂತವು. ಜೀವಿಯೂ ನಿಂತುಬಿಟ್ಟಿತು.

"ತಮ್ಮಾ, ತಪ್ಪಾಯಿತು. ಸ್ವಲ್ಪ ಕೈ ಬಿಡು," ಎಂದಿತು ಎಡದ ಕಿಣ್ವ.

ಬಲದ್ದು ಕೈ ಬಿಟ್ಟಿತು. ಆ ಒಂದು ಕೂದಲು ಬಾಗಿತು.

"ನನಗೇನೋ ಹೇಳಿದೆ, ಅಣ್ಣಾ. ಉಳಿದವರಿಗೆ?"

ಬೈಗುಳ ಮೈಯೆಲ್ಲ ಸುತ್ತಿ ಬಂದಿತ್ತು. ತಪ್ಪೊಪ್ಪಿಗೆ ಪಕ್ಕದ ಕೂದಲನ್ನು ಮುಟ್ಟುವ ಮೊದಲೇ ಅಮೀಬಾ ಎಲ್ಲರನ್ನೂ ಮುಚ್ಚಿಕೊಂಡಿತು.