ಬೆಲ್ಲದ ವರ್ತಕನ ನಾಯಿ

"ಬುದ್ಧಿ, ಹೊಟ್ಟೆಗೆ ಹಾಕದೆ ಪ್ರಾಣಿಯನ್ನು ಕೊಂದವನಿಗೆ ದಂಡವಿದೆ. ತಿನ್ನಿಸಿ ತಿನ್ನಿಸಿ ಕೊಂದವನಿಗೆ ಯಾಕಿಲ್ಲ?"

ಮಠದ ಶಿಷ್ಯ ಗುರುಮಲ್ಲ ಇದನ್ನು ನಿಂತೇ ಕೇಳಿದ. ಮಠದಲ್ಲಿ ಗುರುಗಳ ಮುಂದೆ ಹಾಗೆ ನಿಂತು ಕೇಳುವ ರೂಢಿಯಿಲ್ಲ. ಗುರುಗಳು ಅದನ್ನು ಎತ್ತಿ ಆಡಲಿಲ್ಲ. ಕೊಂದವನು ಯಾರು, ಸತ್ತದ್ದು ಏನು ಎಂದು ವಿಚಾರಿಸಿದರು.

ಸತ್ತದ್ದು ಅವನ ಸೋದರಮಾವನ ನಾಯಿ. ತಂದೆ ತಾಯಿ ಇಲ್ಲದ ಗುರುಮಲ್ಲನನ್ನು ಸಾಕಿ ದೊಡ್ಡವನನ್ನಾಗಿ ಮಾಡಿದವನು ಆ ಮಾವನೇ. ನಾಯಿ ಕೊಬ್ಬಿ ಪೀಪಾಯಿಯ ಹಾಗಾಗಿತ್ತು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಹಿಂದಿನ ದಿನ ಅನ್ನದ ತಟ್ಟೆಯ ಮುಂದೆಯೇ ಅದರ ಉಸಿರು ನಿಂತಿತ್ತು. ಈಗ ಮಾವ ಜಗುಲಿಯ ಮೇಲೆ ಕುಳಿತು ಅಳುತ್ತಿದ್ದ. ಬಂದವರೆಲ್ಲ ಅಯ್ಯೋ ಪಾಪ ಎನ್ನುತ್ತಿದ್ದರು. ಅದನ್ನು ಕಂಡು ಗುರುಮಲ್ಲನಿಗೆ ಮೈಯೆಲ್ಲ ಉರಿದುಹೋಯಿತು. ಊರ ಪಂಚರಿಗೆ ಹೇಳಿ ಮಾವನಿಗೆ ದಂಡ ಹಾಕಿಸಲೇಬೇಕೆಂದು ಹೊರಟಿದ್ದ. ಅದಕ್ಕೆ ಮೊದಲು ಗುರುಗಳ ಬಾಯಿಂದ ಹೌದು ಅನ್ನಿಸಿಕೊಳ್ಳಲು ಬಂದಿದ್ದ.

"ಮೊದಲು ಕೂತುಕೋ. ಪಂಚರು ಎಲ್ಲಿಗೂ ಓಡಿಹೋಗುವುದಿಲ್ಲ" ಎಂದರು ಗುರುಗಳು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ರೈತನಿದ್ದ. ಅವನದು ಕೈ ಬಿಗಿ. ಎಷ್ಟು ಬಿಗಿಯೆಂದರೆ, ಕಣಜ ತುಂಬಿದ್ದ ವರ್ಷವೂ ಎತ್ತಿಗೆ ಒಂದು ಹಿಡಿ ಹುಲ್ಲು ಹಾಕಲು ಎರಡು ಸಲ ಯೋಚಿಸುತ್ತಿದ್ದ. ಎತ್ತಿನ ಪಕ್ಕೆಲುಬುಗಳು ಎದ್ದು ಕಂಡವು. ಆ ಊರಿನಲ್ಲಿ ಇದಕ್ಕೊಂದು ಕಟ್ಟಳೆ ಇತ್ತು. ಸಾಕಿದ ಪ್ರಾಣಿಯನ್ನು ಹೊಟ್ಟೆಗಿಲ್ಲದೆ ಇಟ್ಟವನು ಚಾವಡಿಯ ಮುಂದಿನ ಬಾವಿಯಿಂದ ನೀರು ಸೇದಿ ಊರ ದನಗಳ ತೊಟ್ಟಿ ತುಂಬಬೇಕು. ಅವನ ಪ್ರಾಣಿ ಮೈ ತುಂಬಿಕೊಳ್ಳುವವರೆಗೂ ತುಂಬುತ್ತಲೇ ಇರಬೇಕು. ಊರಿಗೆ ನ್ಯಾಯ ಹೇಳುವ ಯಜಮಾನ ರೈತನಿಗೆ ಆ ಶಿಕ್ಷೆ ಕೊಟ್ಟ. ರೈತ ಬೈದುಕೊಂಡೇ ಹಗ್ಗ ಹಿಡಿದ.

ಅದೇ ಬೀದಿಯಲ್ಲಿ ಒಬ್ಬ ಬೆಲ್ಲದ ವರ್ತಕನಿದ್ದ. ಅವನ ನಾಯಿ ದಿನವೂ ನೀರು ಕುಡಿಯಲು ತೊಟ್ಟಿಗೆ ಬರುತ್ತಿತ್ತು. ಬರುತ್ತಿತ್ತು ಎನ್ನುವುದಕ್ಕಿಂತ, ತನ್ನ ಮೈಯನ್ನು ತಾನೇ ಎಳೆದು ತರುತ್ತಿತ್ತು. ಎರಡು ಗುಟುಕು ಕುಡಿದು ಅಲ್ಲೇ ಕುಸಿದು ನಾಲಗೆ ಚಾಚುತ್ತಿತ್ತು. ಮತ್ತೆ ಮನೆ ಸೇರಬೇಕಾದರೆ ವರ್ತಕನೇ ಬಂದು ತಬ್ಬಿ ಎತ್ತಬೇಕು. ವೈದ್ಯ ಅದನ್ನು ನೋಡಿ, ಹೀಗೇ ತಿಂದರೆ ಈ ಬೇಸಿಗೆ ದಾಟುವುದಿಲ್ಲ ಎಂದಿದ್ದ. ವರ್ತಕ ಕೇಳಿಸಿಕೊಂಡು ಕಣ್ಣೊರೆಸಿಕೊಂಡ. ಪಾಪ, ಬಡಕಲಾಗಿಬಿಟ್ಟಿದೆ ಎಂದು ಅವತ್ತು ಇನ್ನೊಂದು ರೊಟ್ಟಿ ಹೆಚ್ಚು ಹಾಕಿದ.

ನೀರು ಸೇದುತ್ತಿದ್ದ ರೈತ ಇದನ್ನೆಲ್ಲ ನೋಡಿದ. ಒಂದು ದಿನ ತಡೆಯಲಾರದೆ ಒದ್ದೆ ಕೈಯಲ್ಲೇ ಚಾವಡಿ ಹತ್ತಿದ.

"ಯಜಮಾನ್ರೇ, ನನ್ನೆತ್ತಿನ ಪಕ್ಕೆಲುಬು ಕಂಡ್ವು ಅಂತ ನೀರು ಸೇದಿಸ್ತಿದ್ದೀರಿ. ಸರಿ, ಸೇದ್ತೀನಿ. ಆ ನಾಯಿಗೆ ಪಕ್ಕೆಲುಬು ಅವೆಯೋ ಇಲ್ವೋ ಅಂತ ಯಾರಾದ್ರೂ ನೋಡಿದ್ದೀರಾ? ನಾನು ಕೊಡದೆ ಕೊಲ್ತಿದ್ದೆ, ಅವ್ನು ಕೊಟ್ಟು ಕೊಲ್ತಾವ್ನೆ. ಅವನ ಕೈಗ್ಯಾಕೆ ಹಗ್ಗ ಇಲ್ಲ?"

ಚಾವಡಿಯಲ್ಲಿದ್ದವರು ನಕ್ಕರು. ಪ್ರೀತಿಯಿಂದ ಅನ್ನ ಹಾಕುವವನಿಗೂ ಶಿಕ್ಷೆಯೇ ಎಂದರು. ಯಜಮಾನ ನಗಲಿಲ್ಲ. ಕಟ್ಟಳೆಯಲ್ಲಿ ಹಸಿವಿನ ಮಾತಿತ್ತು, ಹೊಟ್ಟೆ ಬಿರಿಯುವ ಮಾತಿರಲಿಲ್ಲ. ಅಂಥದ್ದೂ ಒಂದು ತಪ್ಪು ಇರಬಹುದೆಂದು ಹಿಂದಿನವರಿಗೆ ಹೊಳೆದಿರಲೇ ಇಲ್ಲ. ಪ್ರಶ್ನೆ ಅವನ ತಲೆಯೊಳಗೆ ಹೊಕ್ಕು ಕೂತಿತು. ಅವನಿಗೊಂದು ಗುಣವಿತ್ತು, ಕಣ್ಣಾರೆ ಕಾಣದೆ ಬಾಯಿ ಬಿಡುತ್ತಿರಲಿಲ್ಲ. ಈ ವರ್ತಕ ನಾಯಿಯನ್ನು ಹೇಗೆ ಸಾಕುತ್ತಾನೆ ನೋಡಿಯೇಬಿಡೋಣವೆಂದು ಅವನ ಮನೆಗೆ ಹೊರಟ. ಹೊರಟದ್ದು ಸರಿಯಾಗಿ ಮಧ್ಯಾಹ್ನದ ಊಟದ ಹೊತ್ತಿಗೆ. ಅದೊಂದು ತಪ್ಪು ಮಾಡಿದ.

ವರ್ತಕನ ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು. ಮಕ್ಕಳಿರಲಿಲ್ಲ. ಅಡುಗೆ ತಾನೇ ಕಲಿತಿದ್ದ, ಚೆನ್ನಾಗಿಯೇ ಕಲಿತಿದ್ದ. ವಿಚಾರಣೆಗೆಂದು ಬಂದವನನ್ನು ಎಲೆಯ ಮುಂದೆ ಕೂರಿಸಿ ಒಬ್ಬಟ್ಟು ಬಡಿಸಿದ. ಯಜಮಾನ ಸಾಕು ಎಂದ. ಇನ್ನೊಂದು ಬಿತ್ತು. ಸಾಕೇ ಸಾಕು ಎಂದ. ಮತ್ತೊಂದು ಬಿತ್ತು. ಎರಡೂ ಕೈಯನ್ನು ಎಲೆಗೆ ಅಡ್ಡ ಹಿಡಿದ. ತುಪ್ಪ ಕೈಯ ಮೇಲೇ ಸುರಿಯಿತು. ಇದು ನಮ್ಮ ಕಡೆ ಹೊಸದೇನಲ್ಲ. ಎಲೆಯ ಮುಂದೆ ಕೂತವನು ಬೇಡ ಎಂದರೆ ಅದನ್ನು ನಾವು ಮಾತೆಂದೇ ಎಣಿಸುವುದಿಲ್ಲ.

ಯಜಮಾನ ಉಣ್ಣುತ್ತಲೇ ಕಣ್ಣು ಬಿಟ್ಟುಕೊಂಡಿದ್ದ. ವರ್ತಕ ಎಲೆಯನ್ನು ನೋಡುತ್ತಿರಲಿಲ್ಲ, ಉಣ್ಣುವವನ ಮುಖ ನೋಡುತ್ತಿದ್ದ. ಸಾಕು ಎಂದಾಗ ಅವನ ಮುಖ ಬಾಡುತ್ತಿತ್ತು. ತುತ್ತು ಬಾಯಿಗಿಟ್ಟಾಗ ಅರಳುತ್ತಿತ್ತು. ಕೊನೆಯ ಒಬ್ಬಟ್ಟನ್ನು ತಾನು ತಿಂದದ್ದು ರುಚಿಗಲ್ಲ, ಹಸಿವಿಗಂತೂ ಅಲ್ಲ, ಆ ಮುಖ ಬಾಡದಿರಲಿ ಎಂದು. ಯಜಮಾನನಿಗೆ ಇದು ಹೊಳೆದದ್ದು ತಿಂದು ಮುಗಿಸಿದ ಮೇಲೆ.

ಆಮೇಲೆ ನಾಯಿಯ ಸರದಿ ಬಂತು. ವರ್ತಕ ತುಪ್ಪ ಸವರಿದ ಒಬ್ಬಟ್ಟನ್ನು ಅದರ ಮೂತಿಯ ಹತ್ತಿರ ಹಿಡಿದ. ನಾಯಿ ಮೂಸಿ ಮುಖವನ್ನು ಆ ಕಡೆ ತಿರುಗಿಸಿತು. ತಿನ್ನು ಮಗಾ ಎಂದ ವರ್ತಕ. ನಾಯಿ ಅವನ ಮುಖ ನೋಡಿತು. ಸ್ವಲ್ಪ ಹೊತ್ತು ನೋಡಿ ಬಾಯಿ ತೆರೆಯಿತು.

ಯಜಮಾನ ಹಾಗೇ ಕೂತುಬಿಟ್ಟ. ಏಳಲಾಗದ್ದಕ್ಕೆ ಹೊಟ್ಟೆಯೂ ಕಾರಣ ಅನ್ನಿ. ಅವನು ನೋಡಲು ಬಂದದ್ದು ಒಂದು ಹೊಟ್ಟೆಬಾಕ ನಾಯಿಯನ್ನು, ಇಲ್ಲವೇ ಒಬ್ಬ ಬುದ್ಧಿಗೇಡಿ ಒಡೆಯನನ್ನು. ಕಂಡದ್ದೇ ಬೇರೆ. ಆ ಮನೆಯಲ್ಲಿ ಹಸಿದಿದ್ದವನು ಒಬ್ಬನೇ, ಅವನು ಬಡಿಸುತ್ತಿದ್ದ. ಮರುದಿನ ಚಾವಡಿಗೆ ಬಾ ಎಂದು ಹೇಳಿ ಯಜಮಾನ ಗೋಡೆ ಹಿಡಿದು ಮೆಲ್ಲಗೆ ಎದ್ದ.

ಆ ದಿನವೆಲ್ಲ ಅವನಿಗೆ ಅದೇ ಯೋಚನೆ. ಹಗ್ಗ ಕೊಟ್ಟರೆ ವರ್ತಕ ಸಂತೋಷವಾಗಿ ನೀರು ಸೇದುತ್ತಾನೆ, ಮನೆಗೆ ಹೋಗಿ ಮತ್ತೆ ತಿನ್ನಿಸುತ್ತಾನೆ. ನಾಯಿಯನ್ನು ಬೇರೆ ಮನೆಗೆ ಕೊಟ್ಟರೆ ಅದು ಬದುಕಬಹುದು, ಇವನು ಬದುಕುವುದು ಅನುಮಾನ. ಸುಮ್ಮನೆ ಬಿಟ್ಟರೆ ನಾಯಿ ಸಾಯುತ್ತದೆ, ರೈತನಿಗೆ ಕೊಟ್ಟ ಶಿಕ್ಷೆಗೂ ಬೆಲೆಯಿಲ್ಲ.

ಮರುದಿನ ವರ್ತಕ ಕೈಮುಗಿದು ನಿಂತ. "ಏನ್ ಶಿಕ್ಷೆ ಬೇಕಾದ್ರೂ ಕೊಡಿ ಯಜಮಾನ್ರೇ, ಅದನ್ನ ಮಾತ್ರ ಕಿತ್ಕೋಬೇಡಿ. ನಾನು ಬಾಗಿಲು ತೆಗೆದ್ರೆ ತಲೆ ಎತ್ತಿ ನೋಡೋ ಜೀವ ಅದೊಂದೇ."

"ಕಿತ್ಕೊಳ್ಳಲ್ಲ" ಎಂದ ಯಜಮಾನ. "ಅದರ ಊಟ ವೈದ್ಯ ಹೇಳಿದಷ್ಟೇ. ದಿನಾ ಸಂಜೆ ಅದನ್ನ ನಡೆಸ್ಕೊಂಡು ಇಲ್ಲಿಗೆ ಬಾ. ದೀಪ ಹಚ್ಚೋವರೆಗೂ ಈ ಕಟ್ಟೆ ಮೇಲೆ ಅದರ ಪಕ್ಕ ಕೂತಿರು. ಕೈಯಲ್ಲಿ ಏನೂ ಇರಬಾರದು. ಇದೇ ನಿನ್ನ ಶಿಕ್ಷೆ."

ರೈತ ಹಗ್ಗ ಕೆಳಗೆ ಹಾಕಿದ. ನಾನು ರಟ್ಟೆ ಮುರಿಯುವ ಹಾಗೆ ನೀರು ಸೇದಬೇಕು, ಅವನು ಕಟ್ಟೆಯ ಮೇಲೆ ಕೂತು ಗಾಳಿ ತಗೋಬೇಕು, ಇದ್ಯಾವ ಸೀಮೆ ನ್ಯಾಯ ಎಂದು ಗೊಣಗಿದ. ಊರಿನವರಿಗೂ ಹಾಗೇ ಅನ್ನಿಸಿತು. ಯಜಮಾನನ ಹೊಟ್ಟೆಯೊಳಗೆ ಒಬ್ಬಟ್ಟು ಕೆಲಸ ಮಾಡಿದೆ ಎಂದು ಮಾತಾಡಿಕೊಂಡರು.

ಮೊದಲ ಸಂಜೆ ವರ್ತಕ ಬಂದು ಕುಳಿತದ್ದೇ ತಡ, ನಾಯಿ ಅವನ ಬಲಗೈ ಮೂಸಿತು. ಎಡಗೈ ಮೂಸಿತು. ಪಂಚೆಯ ಗಂಟು ಮೂಸಿತು. ಎಲ್ಲೂ ಏನೂ ಇರಲಿಲ್ಲ. ಎದ್ದು ಸ್ವಲ್ಪ ದೂರ ಹೋಗಿ ಅವನಿಗೆ ಬೆನ್ನು ಮಾಡಿ ಮಲಗಿತು. ವರ್ತಕ ಖಾಲಿ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟ, ಕಟ್ಟೆಯ ಮೇಲಿಟ್ಟ, ಕಂಕುಳಲ್ಲಿ ಸಿಕ್ಕಿಸಿಕೊಂಡ. ಆಮೇಲೆ ಎಲ್ಲರ ಮುಂದೆ ಅತ್ತುಬಿಟ್ಟ. ಕೊಡುವುದಕ್ಕೇನೂ ಇಲ್ಲದಿದ್ದರೆ ನಾನು ಯಾರಿಗೂ ಬೇಡ ಎಂಬ ಹೆದರಿಕೆ ಅವನೊಳಗೆ ಎಂದಿನಿಂದಲೋ ಇತ್ತು. ಅದು ಊರೆದುರು ನಿಜವಾಯಿತೆಂದು ಅವನಿಗೆ ಅನ್ನಿಸಿತು. ಬಾವಿಯ ಹತ್ತಿರ ನಿಂತಿದ್ದ ರೈತನ ಬಿಂದಿಗೆ ಅರ್ಧಕ್ಕೇ ನಿಂತಿತು. ಅಂದಿನಿಂದ ಅವನು ಗೊಣಗಲಿಲ್ಲ.

ಮರುದಿನ ವರ್ತಕ ಅಂಗೈಗೆ ಒಂದಿಷ್ಟು ಬೆಲ್ಲ ಸವರಿಕೊಂಡು ಬಂದ. ನಾಯಿ ಬಿಡದೆ ನೆಕ್ಕಿತು. ಯಜಮಾನನ ಕಣ್ಣು ತಪ್ಪಿಸಲು ಆಗಲಿಲ್ಲ. ಯಜಮಾನ ತೊಟ್ಟಿಯ ನೀರಿನಲ್ಲಿ ವರ್ತಕನ ಕೈ ತೊಳೆಸಿದ. ನೀರು ಹಾಕಿದವನು ರೈತನೇ. ಹಾಕುವಾಗ ಅವನು ವರ್ತಕನ ಮುಖ ನೋಡಲಿಲ್ಲ.

ಕೆಲವು ದಿನ ಕಳೆದ ಮೇಲೆ ವರ್ತಕ ಯಜಮಾನನ ಕಾಲು ಹಿಡಿದ. ನನಗೂ ಹಗ್ಗವನ್ನೇ ಕೊಡಿ, ರೈತನ ಪಾಲಿನ ನೀರನ್ನೂ ನಾನೇ ಸೇದುತ್ತೇನೆ, ಆ ಕಟ್ಟೆಯ ಮೇಲೆ ಮಾತ್ರ ಕೂರಿಸಬೇಡಿ ಎಂದ. ಯಜಮಾನ ಅವನ ಭುಜ ಹಿಡಿದು ಎಬ್ಬಿಸಿದ. ಆದರೂ ಒಪ್ಪಲಿಲ್ಲ.

ನಡೆದು ನಡೆದು ನಾಯಿ ಹಗುರಾಯಿತು. ಅಷ್ಟರಲ್ಲಿ ರೈತನ ಎತ್ತು ಮೈ ತುಂಬಿಕೊಂಡಿತ್ತು, ಶಿಕ್ಷೆ ಮುಗಿದು ಅವನು ಮನೆಗೆ ಹೋದ. ಒಂದು ಸಂಜೆ ನಾಯಿ ಎಂದಿನಂತೆ ವರ್ತಕನ ಕೈ ಮೂಸಿತು. ಏನೂ ಇರಲಿಲ್ಲ. ಇರುವುದಿಲ್ಲವೆಂದು ಅದಕ್ಕೂ ಈಗ ಗೊತ್ತಿತ್ತು. ಆ ಖಾಲಿ ಅಂಗೈಯ ಮೇಲೇ ಗದ್ದವಿಟ್ಟು ಕಣ್ಣು ಮುಚ್ಚಿತು. ದೀಪ ಹಚ್ಚಿದರು. ಜನ ಎದ್ದುಹೋದರು. ವರ್ತಕ ಕೈ ಜೋಮು ಹಿಡಿದರೂ ಕದಲಿಸಲಿಲ್ಲ. ನಿನ್ನ ಶಿಕ್ಷೆ ಮುಗಿಯಿತೆಂದು ಯಜಮಾನ ಹೇಳಿದ ಮೇಲೂ ಅವನು ಸಂಜೆ ಬಂದು ಕೂರುತ್ತಿದ್ದ.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲನಿಗೆ ಸಮಾಧಾನವಾಗಲಿಲ್ಲ.

"ಅವನ ನಾಯಿ ಬದುಕಿತ್ತು ಬುದ್ಧಿ, ಶಿಕ್ಷೆಯಿಂದ ಉಪಯೋಗವಾಯಿತು. ನಮ್ಮ ಮಾವನ ನಾಯಿ ಸತ್ತೇ ಹೋಗಿದೆ. ಅವರು ಇನ್ನು ಯಾರ ಪಕ್ಕ ಕೂರಬೇಕು?"

"ನಿಮ್ಮ ಮಾವ ಆ ನಾಯಿಯನ್ನು ಮನೆಗೆ ತಂದದ್ದು ಯಾವಾಗ?" ಎಂದು ಕೇಳಿದರು ಗುರುಗಳು.

"ನಾನು ಮಠ ಸೇರಿದ ವರ್ಷ" ಎಂದ ಗುರುಮಲ್ಲ. ಮುಂದಕ್ಕೆ ಏನೋ ಹೇಳಹೊರಟವನ ಮಾತು ಅಲ್ಲಿಗೇ ನಿಂತಿತು. ಅಲ್ಲಿಂದೀಚೆಗೆ ತಾನು ಆ ಮನೆಯ ಮೆಟ್ಟಿಲು ಹತ್ತಿದ್ದು ಹಬ್ಬಕ್ಕೊಮ್ಮೆ, ಉಂಡು ಎದ್ದು ಬರಲು ಮಾತ್ರ. ಅವನು ತಲೆ ತಗ್ಗಿಸಿದ. ಆಮೇಲೆ ಗುರುಗಳು ಹೇಳಿದರು:

"ಹಾಗಾದರೆ ದಂಡ ನಿನಗೆ, ಗುರುಮಲ್ಲ, ಇವತ್ತು ಸಂಜೆಯಿಂದ ಬರಿಗೈಯಲ್ಲಿ ಹೋಗಿ ಅವನ ಪಕ್ಕ ಕೂತುಕೋ."