ತೆಪ್ಪ ಹತ್ತಿದ ಕುಲಪತಿ

ಇದು ನಿಜವಾಗ್ಲೂ ನಡ್ದಿದ್ದು. ಇದ್ರಲ್ಲಿ ಒಂದ್ ಮಾತು ಸುಳ್ಳಾದ್ರೆ ನಾಳೆ ಹೊತ್ತಾರೆ ಹೊಳೆ ಮಧ್ಯದಲ್ಲೇ ನನ್ ತೆಪ್ಪ ತೂತಾಗ್ಲಿ. ನಂಬ್ದೇ ಇರೋರು ಆ ಯೂನಿವರ್ಸಿಟಿಗೆ ಹೋಗಿ ರಿಜಿಸ್ಟ್ರಾರ್ರನ್ನೇ ಕೇಳ್ಕಳಿ. ಈಗ್ಲೂ ಅದೇ ಕುರ್ಚೀಲಿ ಕುಂತವ್ರೆ.

ನಾನು ಮಂಚೇಗೌಡ. ಕಾವೇರೀಲಿ ತೆಪ್ಪ ಹಾಕೋದ್ರಲ್ಲಿ ನನ್ನ ಮೀರಿಸೋನು ಈ ದಡದಲ್ಲೂ ಇಲ್ಲ, ಆ ದಡದಲ್ಲೂ ಇಲ್ಲ. ನಾನು ಓದಿಲ್ಲ. ಓದಿದೋರನ್ನ ನಂಬೋದೂ ಇಲ್ಲ.

ಹೊಳೆ ದಂಡೇಲಿ ನಮ್ಮ ಮರುಳಯ್ಯ ಅಯ್ನೋರ ಮಠ. ಮಠ ಅಂದ್ರೆ ಎರಡು ಹಜಾರ, ಒಂದು ಅರಳಿಮರ, ಅಷ್ಟೇ. ಅಲ್ಲಿಗೆ ಯೂನಿವರ್ಸಿಟಿ ನಡೆಸೋ ದೊಡ್ಡೋರು ತರಬೇತಿ ಅಂತ ಬಂದ್ರು. ನಾಯಕತ್ವ ಕಲಿಯಾಕಂತೆ. ಕುರ್ಚೀಲಿ ಕುಂತು ಎಷ್ಟೋ ದಿನ ಆದ್ಮೇಲೆ ಕುಂತ್ಕಳೋದು ಕಲಿಯಾಕೆ ಬಂದವ್ರೆ ಅಂದ್ರೆ, ಇದ್ರಲ್ಲಿ ಏನೋ ಐತೆ ಅಂದ್ಕಂಡೆ.

ಬಂದೋರು ಮೂರೇ ಜನ. ಕುಲಪತಿ ಪದ್ಮರಾಜಯ್ಯ. ಆವಪ್ಪನ ಕೈಕೆಳಗಿನ ರಿಜಿಸ್ಟ್ರಾರ್ ಇಂದುಶೇಖರ್. ಹಣಕಾಸು ನೋಡ್ಕಳೋ ತಬಸ್ಸುಮ್ ಮೇಡಮ್.

ಕುಲಪತಿ ಕಾರಿಳಿದೋನೇ ಮಿಕ್ಕಿಬ್ಬರ ಫೋನ್ ಇಸ್ಕಂಡು ಚೀಲಕ್ಕೆ ಹಾಕ್ದ. ಚೀಲದ ಮೇಲೆ ಕುಂತ್ಕಂಡ. ಮಜ್ಜಿಗೆ ಕೊಟ್ರೆ ಮೂಸಿ ನೋಡ್ದ.

"ಇಂದುಶೇಖರ್, ಮೊದಲು ನೀವು ಕುಡೀರಿ."

ಇಂದುಶೇಖರ್ ಕುಡ್ದ. ಏನೂ ಆಗ್ಲಿಲ್ಲ. ಆಮೇಲೆ ಆವಪ್ಪನೂ ಕುಡ್ದ.

ಸಂಜೆ ಕುಲಪತಿ ಒಬ್ನೇ ಅಯ್ನೋರ ಹತ್ರ ಬಂದ. ನಾನು ಅಲ್ಲೇ ತೆಪ್ಪಕ್ಕೆ ಡಾಂಬರು ಬಳೀತಿದ್ದೆ. ನನ್ನ ಮೇಲಿಂದ ಕೆಳಗಂಟ ನೋಡ್ದ.

"ಇವನನ್ನ ಯಾರು ಕಳಿಸಿದ್ದು ಇಲ್ಲಿಗೆ?"

"ಹೊಳೆ," ಅಂದ್ರು ಅಯ್ನೋರು.

ಆವಪ್ಪ ದನಿ ತಗ್ಗಿಸ್ದ. ನನ್ ಕಿವಿ ಈ ವಯಸ್ಸಲ್ಲೂ ಹಾವಿನ ಸದ್ದು ಹಿಡೀತದೆ, ಎಲ್ಲಾ ಕೇಳಿಸ್ತು.

"ಗುರುಗಳೇ, ತರಬೇತಿ ಒಂದು ನೆಪ. ನನ್ನ ಆಫೀಸಿನ ಮಾತು ಹೊರಗೆ ಹೋಗ್ತಿದೆ. ಯಾರೋ ನನ್ನನ್ನ ಬೀಳಿಸೋಕೆ ಕಾಯ್ತಿದ್ದಾರೆ. ಅದು ಯಾರು ಅಂತ ತಿಳಿಯೋದು ಹೇಗೆ?"

"ತಿಳಿದ್ರೆ ಏನ್ ಮಾಡೀರಿ?"

"ಸೋಮವಾರ ಸಸ್ಪೆಂಡ್. ಆರ್ಡರ್ ಟೈಪಾಗಿ ಜೇಬಲ್ಲೇ ಇದೆ. ಸಹಿ ಒಂದೇ ಬಾಕಿ."

"ಯಾರ ಹೆಸರಿಗೆ?"

"ಇಂದುಶೇಖರ್."

"ಅವ್ರ ಮೇಲೇ ಯಾಕೆ ಅನುಮಾನ?"

"ಒಂದು ದಿನವೂ ನನಗೆ ಎದುರು ಮಾತಾಡಿಲ್ಲ. ಯಾರಾದರೂ ಹಾಗಿರ್ತಾರಾ?"

"ಎದುರು ಮಾತಾಡೋರು ಯಾರೂ ಇಲ್ವಾ?"

"ಅವರನ್ನ ಹೋದ ವರ್ಷವೇ ಎತ್ತಂಗಡಿ ಮಾಡಿಸಿದೆ."

ಅಯ್ನೋರು ಗಡ್ಡ ಕೆರ್ಕಂಡ್ರು.

"ನಾಡಿದ್ದು ತೆಪ್ಪದಲ್ಲಿ ಹೋಗಾನ. ಅಲ್ಲೀಗಂಟ ಮಠ ನೀವೇ ನಡೆಸಿ. ನಾನು ನಿಮ್ ಕೈಕೆಳಗಿರ್ತೀನಿ."

ಆವಪ್ಪನ ಹುಬ್ಬು ಗಂಟಾಯ್ತು. "ಯಾಕೆ? ನಿಮಗೇನು ಲಾಭ?"

"ನೋಡಾನ ಅಂತ."

ಮಾರನೇ ದಿನ ಅಯ್ನೋರು ಪೂಜೆ ಗಂಟೆಗೆ ಕೈ ಹಾಕಿದ್ರು. ಕುಲಪತಿ ಬಾಗಿಲಲ್ಲೇ ನಿಂತಿದ್ದ.

"ಯಾರು ಹೇಳಿದ್ದು ಬಾರಿಸೋಕೆ?"

"ದಿನಾ ಬಾರಿಸ್ತೀನಲ್ಲ."

"ಇನ್ಮೇಲೆ ಕೇಳಿ ಬಾರಿಸಿ. ಯಾರಿಗೋ ಸನ್ನೆ ಅಲ್ಲ ಅಂತ ನನಗೆ ಹೇಗೆ ಗೊತ್ತಾಗಬೇಕು?"

ಅಯ್ನೋರು ಕೈ ಇಳಿಸಿದ್ರು. ನಂಗೆ ಮೈಯೆಲ್ಲ ಉರ್ದೋಯ್ತು.

"ಬುದ್ಧಿ, ನಿಮ್ ಮಠದಲ್ಲಿ ನಿಮಗೇ ಹೇಳಾಕೆ ಇವನ್ಯಾರು? ಹೂಂ ಅನ್ನಿ, ಎತ್ತಿ ಹೊಳೇಗೆ ಹಾಕ್ತೀನಿ."

"ಸುಮ್ಕಿರೋ ಮಂಚ. ಕಲೀತಾ ಇದೀನಿ."

ಆಮೇಲೆ ಅಯ್ನೋರು ಹೂ ಕೀಳಾಕೂ ಕೇಳಿದ್ರು, ದೀಪಕ್ಕೆ ಎಣ್ಣೆ ಹಾಕಾಕೂ ಕೇಳಿದ್ರು. ಆವಪ್ಪ ಒಂದಕ್ಕೆ ಆಯ್ತು ಅಂದ, ಇನ್ನೊಂದಕ್ಕೆ ನೋಡೋಣ ಅಂದ. ದೀಪ ಆರೋಯ್ತು.

ಮಧ್ಯಾಹ್ನ ನಾನು ಅಡಿಗೆಮನೆಗೆ ಸೌದೆ ತಂದೆ. ಒಲೆ ಮೇಲೆ ಹಾಲು ಉಕ್ಕಿ ಸುರೀತಿತ್ತು. ತಬಸ್ಸುಮ್ ಮೇಡಮ್ ಪಕ್ಕದಲ್ಲೇ ನಿಂತ್ಕಂಡು ನೋಡ್ತಾವ್ಳೆ!

"ಏನವ್ವಾ, ಕಣ್ ಕಾಣಾಕಿಲ್ವಾ? ಇಳಿಸ್ಬಾರ್ದಾ?"

"ಇಳಿಸಿದ್ರೆ ಯಾರು ಹೇಳಿದ್ದು ಅಂತ ಕೇಳ್ತಾರೆ ತಾತ."

"ಹಾಲು ಇಳ್ಸಾಕಾ?"

"ಹೋದ ಮಳೆಗಾಲ ಹಾಸ್ಟೆಲಲ್ಲಿ ಪೈಪ್ ಒಡೆದು ರೂಮಿಗೆಲ್ಲ ನೀರು ನುಗ್ಗಿತು. ನಮ್ಮ ಇಂಜಿನಿಯರ್ ಓಡಿ ಹೋಗಿ ವಾಲ್ವ್ ತಿರುಗಿಸಿದ್ರು. ಸಂಜೆ ಅವರಿಗೇ ಕುಲಪತಿಗಳ ನೋಟೀಸು. ನನ್ನ ಸಹಿ ಇಲ್ಲದೆ ಯಾಕೆ ಮುಟ್ಟಿದ್ರಿ ಅಂತ. ಅವತ್ತಿಂದ ನಾವು ಯಾರೂ ಏನೂ ಮುಟ್ಟಲ್ಲ. ನೀರು ಸುರೀತಿದ್ರೂ ಫೈಲ್ ಕಳಿಸಿ ಕಾಯ್ತೀವಿ."

ನಂಗೆ ನಂಬಿಕೆ ಬರ್ಲಿಲ್ಲ. ಇವ್ಳೂ ಏನೋ ಕತೆ ಕಟ್ತಾವ್ಳೆ ಅಂದ್ಕಂಡು ನಾನೇ ಹಾಲು ಇಳಿಸ್ದೆ. ತಿರುಗಿ ನೋಡಿದ್ರೆ ಬಾಗಿಲಲ್ಲಿ ಅಯ್ನೋರು. ಅವ್ರೂ ಹಾಲು ಉಕ್ಕೋದು ನೋಡ್ತಾನೇ ನಿಂತಿದ್ರು.

ಅದರ ಮಾರನೇ ದಿನ ಹೊತ್ತಾರೆ ತೆಪ್ಪ ಇಳಿಸ್ದೆ.

ತೆಪ್ಪ ಅಂದ್ರೆ ದುಂಡಗೆ, ಬುಟ್ಟಿಯಂಗೆ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಕುಲಪತಿ ದಡದಲ್ಲೇ ನಿಂತ್ಬುಟ್ಟ.

"ನನ್ನ ಜಾಗ ಯಾವುದು?"

"ಎಲ್ಲಾದ್ರೂ ಕುಂತ್ಕಳಿ ಸ್ವಾಮಿ, ಎಲ್ಲಾ ಒಂದೇಯ."

"ನನ್ನ ಹಿಂದೆ ಯಾರೂ ಇರಬಾರದು."

"ಹಿಂದೆ ಹೊಳೆ ಇರ್ತದೆ. ಇಳ್ಸಾಕಾಗಲ್ಲ."

ಕುಂತ್ಕಂಡ. ಆವಪ್ಪನ ಬಲಕ್ಕೆ ಇಂದುಶೇಖರ್, ಎಡಕ್ಕೆ ಅಯ್ನೋರು. ಇಂದುಶೇಖರ್ ಪಕ್ಕಕ್ಕೆ ಮೇಡಮ್. ನಾನು ಹುಟ್ಟು ಹಾಕ್ತಾ ಹೊಳೆ ಮಧ್ಯಕ್ಕೆ ತಂದೆ. ಸೆಳೆತ ಸಿಕ್ತು, ತೆಪ್ಪ ಮೆಲ್ಲಗೆ ಬುಗುರಿ ಥರ ಸುತ್ತಾಕೆ ಶುರುವಾಯ್ತು.

"ಯಾಕಯ್ಯಾ ತಿರುಗಿಸ್ತಿದೀಯ? ಯಾರು ಹೇಳಿದ್ರು ನಿನಗೆ?"

"ನಾನೆಲ್ಲಿ ತಿರುಗಿಸ್ದೆ? ತೆಪ್ಪ ಇರೋದೇ ಹಂಗೆ."

ಅಷ್ಟರಲ್ಲಿ ಬಿಸಿಲು ಆವಪ್ಪನ ಕಣ್ಣಿಗೆ ಹೊಡೀತು. ಮೇಡಮ್ಮು ಬಂಡೆ ಮೇಲಿನ ನೀರುಕಾಗೆ ತೋರ್ಸಿ ಇಂದುಶೇಖರ್ ಕಿವಿ ಹತ್ರ ಏನೋ ಅಂದ್ಳು.

"ಏನದು ಪಿಸುಪಿಸು?"

ಆವಪ್ಪ ಎದ್ದು ನಿಂತ್ಬುಟ್ಟ. ತೆಪ್ಪದಲ್ಲಿ ಎದ್ದು ನಿಲ್ತಾರೇನ್ರಿ ಯಾರಾದ್ರೂ!

"ಕುಂತ್ಕಳಿ ಸ್ವಾಮಿ, ಮಗುಚ್ತದೆ!"

"ನೀನೂ ಇವರ ಕಡೆಯವನೇನೋ?" ಅಂತ ನನ್ ಕಡೆ ತಿರುಗ್ದ. ಕಾಲು ಜಾರ್ತು.

ಇಂದುಶೇಖರ್ ಕೈ ಅರ್ಧ ಮೇಲೆದ್ದಿದ್ದು ನಾನು ಕಣ್ಣಾರೆ ನೋಡ್ದೆ. ಅಲ್ಲೇ ನಿಂತೋಯ್ತು.

"ಹಿಡೀಲಾ ಸಾರ್?"

ಸಾರ್ ಆಗ್ಲೇ ನೀರೊಳಗಿದ್ರು.

ಹುಟ್ಟು ಅಯ್ನೋರ ಕಡೆ ಎಸ್ದು ಬಟ್ಟೆ ಸಮೇತ ಹಾರ್ದೆ. ನಾನು ಹಿಡ್ದೋನು ಮುಳುಗಿದ್ದು ಇಲ್ಲೀಗಂಟ ಇಲ್ಲ. ಕಾಲರ್ ಸಿಕ್ತು, ಎಳ್ಕಂಡೆ. ಆವಪ್ಪ ನೀರು ಕುಡೀತಾ ನನ್ನ ಕೈಯೇ ಪರಚ್ತಾವ್ನೆ.

"ಬಿಡೋ! ಯಾರು ಕಳಿಸಿದ್ದು ನಿನ್ನ?"

ದಡಕ್ಕೆ ತಂದು ಮರಳ ಮೇಲೆ ಹಾಕ್ದೆ. ಅಯ್ನೋರು ತೆಪ್ಪ ದಡಕ್ಕೆ ತಂದ್ರು. ಆವಪ್ಪ ಕೆಮ್ಮಿ ಕೆಮ್ಮಿ ಎದ್ದು ಕುಂತ.

"ನೋಡಿದ್ರಾ ಗುರುಗಳೇ! ನಾನು ಒಬ್ಬರು ಅಂದ್ಕೊಂಡಿದ್ದೆ. ಇಬ್ಬರೂ!"

"ನಾನು ಕೇಳಿದೆ ಸಾರ್," ಅಂದ ಇಂದುಶೇಖರ್. "ನೀವು ಏನೂ ಹೇಳಲಿಲ್ಲ."

"ಬೀಳ್ತಿರೋನು ಆರ್ಡರ್ ಕೊಡಬೇಕೇನ್ರೀ?"

ಇಂದುಶೇಖರ್ ತಲೆ ಬಗ್ಗಿಸ್ದ.

ಆವಪ್ಪ ಒಳಜೇಬಿಂದ ಕಾಗದ ತೆಗೆದ. ಪ್ಲಾಸ್ಟಿಕ್ ಕವರಲ್ಲಿ ಇಟ್ಟಿದ್ದ, ಒಂದಕ್ಷರ ನೆಂದಿರ್ಲಿಲ್ಲ. ಹೊಳೇನೂ ನಂಬಿರ್ಲಿಲ್ಲ ಆವಪ್ಪ.

"ಸೋಮವಾರ ಯಾಕೆ, ಈಗಲೇ ಆಗಲಿ. ಪೆನ್ ಕೊಡ್ರಿ!"

ಇಂದುಶೇಖರ್ ತನ್ನ ಜೇಬಿನ ಪೆನ್ ತೆಗೆದು, ಮುಚ್ಚಳ ಬಿಚ್ಚಿ, ಎರಡು ಕೈಲೂ ಕೊಟ್ಟ.

ಪೆನ್ನಿನ ಮೊನೆ ಕಾಗದಕ್ಕೆ ತಾಗ್ತು. ತಾಗಿದ್ದು ಅಲ್ಲೇ ನಿಂತ್ಕಂತು. ಆವಪ್ಪ ಕಣ್ಣು ಕಿರಿದು ಮಾಡಿ ಅಯ್ನೋರ ಕಡೆ ತಿರುಗ್ದ.

"ನನ್ನ ಎಡಕ್ಕೆ ನೀವಿದ್ರಿ. ನೀವು ಯಾಕೆ ಹಿಡೀಲಿಲ್ಲ?"

ಅಯ್ನೋರು ತಮ್ಮ ಕೈ ಒಂದ್ಸಲ ತಿರುಗಿಸಿ ನೋಡ್ಕಂಡ್ರು.

"ನಾನು ನಿಮ್ ಕೈಕೆಳಗಿದ್ದಿದ್ದು ಎರಡೇ ದಿನ ಸ್ವಾಮಿ. ಅಷ್ಟಕ್ಕೇ ನನ್ ಕೈಯೂ ಏಳ್ಲಿಲ್ಲ."

ಆವಪ್ಪ ಸಹಿ ಹಾಕ್ದೇನೇ ಪೆನ್ ಮುಚ್ಚಿ ಇಂದುಶೇಖರ್ ಕೈಗೇ ಕೊಟ್ಟ.

ಅವತ್ತು ಹಾರ್ದಾಗ ನನ್ ಬನೀನ್ ಜೇಬಿಂದ ಹೊಳೆ ಪಾಲಾಗಿದ್ದು ಸಾವಿರದ ಇನ್ನೂರ ಎಪ್ಪತ್ತು ರೂಪಾಯಿ.