ಕೈಯಿಂದ ಎರಡು ಸುತ್ತು

ಶಿಷ್ಯೆ ಕೇಳಿದಳು: "ಅಮ್ಮಾ, ಹೋದ ವರ್ಷ ನಾನು ಸಿಟ್ಟಿನಲ್ಲಿ ಆಡಿದ ಮಾತಿಗೆ ನನ್ನ ತಂಗಿ ಮನೆ ಬಿಟ್ಟು ಹೋದಳು. ಇನ್ನೆಂದೂ ಸಿಟ್ಟು ಮಾಡುವುದಿಲ್ಲ ಎಂದು ನಿಮ್ಮ ಎದುರಿಗೇ ಹೇಳಿದ್ದೆ. ಮೊನ್ನೆ ಅವಳು ತಿರುಗಿ ಬಂದಳು. ಇವತ್ತು ಮತ್ತೆ ಅದೇ ಸಿಟ್ಟು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ಆಡದೆ ಎದ್ದು ನೇರವಾಗಿ ಇಲ್ಲಿಗೆ ಬಂದೆ. ಒಂದು ವರ್ಷದಲ್ಲಿ ನಾನು ಏನನ್ನೂ ಕಲಿಯಲಿಲ್ಲ, ಅಲ್ಲವೇ?"

ಗುರುತಾಯಿ ಅದಕ್ಕೆ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಹೆಂಗಸು ಇದ್ದಳು. ಜೋಳದ ರೊಟ್ಟಿ ಬಡಿದು, ಪಲ್ಯ ಮಾಡಿ, ತನ್ನದೇ ವ್ಯಾನಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲ್ಲಿಗೆ ಒಯ್ದು ಕೊಡುತ್ತಿದ್ದಳು. ವ್ಯಾನನ್ನು ಅವಳೇ ದುಡಿದು ಕೊಂಡಿದ್ದಳು. ಓಡಿಸುವುದನ್ನು ಅವಳೇ ಕಲಿತಿದ್ದಳು. ಯಾರೂ ಪಕ್ಕದಲ್ಲಿ ಕೂತು ಹೇಳಿಕೊಟ್ಟಿರಲಿಲ್ಲ.

ಒಂದು ದಿನ ಇಂಜಿನ್ನಿನಿಂದ ಕರಕರ ಸದ್ದು ಬರತೊಡಗಿತು. ಒಳಗಿನ ಟೈಮಿಂಗ್ ಚೈನ್ ಸವೆದು ಜೋಲುತ್ತಿತ್ತು. ಗ್ಯಾರೇಜಿನವನು, "ಗಾಡಿ ಬಿಟ್ಟು ಹೋಗಿ ಅಕ್ಕಾ, ಮುಂದಿನ ವಾರ ನೋಡೋಣ" ಎಂದ. ಮುಂದಿನ ವಾರದವರೆಗೆ ಹಾಸ್ಟೆಲ್ ಕಾಯುವುದಿಲ್ಲ. ಅವಳು ಹೊಸ ಚೈನ್ ಕೊಂಡಳು, ಆ ಕೆಲಸದ ಪುಸ್ತಕ ತಂದು ಓದಿದಳು, ಮನೆಯ ಅಂಗಳದಲ್ಲಿಯೇ ಇಂಜಿನ್ ಬಿಚ್ಚಿದಳು.

ಆ ಚೈನ್ ಎರಡು ಹಲ್ಲಿನ ಚಕ್ರಗಳನ್ನು ಕೂಡಿಸುತ್ತದೆ. ಕೆಳಗಿನ ಚಕ್ರ ಪಿಸ್ಟನ್ನಿಗೆ ಸೇರಿದ್ದು, ಮೇಲಿನದು ವಾಲ್ವುಗಳಿಗೆ ಸೇರಿದ್ದು. ಎರಡೂ ಲೆಕ್ಕ ತಪ್ಪದೆ ಜೊತೆಯಾಗಿ ತಿರುಗಬೇಕು. ತಪ್ಪಿದರೆ ಪಿಸ್ಟನ್ ಮೇಲೆ ಬಂದು ವಾಲ್ವಿಗೆ ಬಡಿಯುತ್ತದೆ. ಅದಕ್ಕಾಗಿ ಚಕ್ರಗಳ ಮೇಲೆ ಗುರುತುಗಳಿರುತ್ತವೆ. ಅವಳು ಗುರುತಿಗೆ ಗುರುತು ಸೇರಿಸಿ ಚೈನ್ ಹಾಕಿದಳು. ಕೀಲಿ ತಿರುಗಿಸುವ ಮೊದಲು ಸ್ಪ್ಯಾನರ್ ಹಿಡಿದು ಇಂಜಿನ್ನನ್ನು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಬೇಕು ಎಂದು ಪುಸ್ತಕದಲ್ಲಿತ್ತು. ಅದನ್ನೂ ಅವಳು ಓದಿದ್ದಳು.

ಅಷ್ಟರಲ್ಲಿ ಓಣಿಯವರು ಅಂಗಳದಲ್ಲಿ ಕೂಡಿದ್ದರು. ರಿಪೇರಿಯಾದ ಗಾಡಿಗೆ ಪೂಜೆ ಮಾಡದೆ ಕೀಲಿ ತಿರುಗಿಸುವ ಪದ್ಧತಿ ಆ ಓಣಿಯಲ್ಲಿ ಇಲ್ಲ. ಕುಂಕುಮ ಹಚ್ಚಿದರು. ಗಾಡಿಯ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಪಕ್ಕದ ಮನೆಯ ಅಜ್ಜಿ ಕೂಗಿದಳು: "ಇನ್ನೂ ಏನು ಮಾಡುತ್ತೀಯೇ? ರಾಹುಕಾಲ ಬಂತು! ಬೇಗ ಚಾಲೂ ಮಾಡು!"

ಅವಳು ಸ್ಪ್ಯಾನರ್ ಕೆಳಗಿಟ್ಟು ಕೀಲಿ ತಿರುಗಿಸಿದಳು.

ಇಂಜಿನ್ ಒಂದು ಸಲ ಕೆಮ್ಮಿ, ಕಲ್ಲು ಕಡಿದಂತೆ ಸದ್ದು ಮಾಡಿ ನಿಂತಿತು.

ಮೊದಲು ಅವಳು ಚೈನ್ ಮಾರಿದವನನ್ನು ಬೈದಳು. ಆಮೇಲೆ ಅಜ್ಜಿಯನ್ನು ಬೈದಳು. ಬೈದು ಮುಗಿದ ಮೇಲೂ ಗಾಡಿ ಅಲ್ಲೇ ನಿಂತಿತ್ತು. ಮತ್ತೆ ಬಿಚ್ಚಿದಳು. ಈ ಸಲ ಅವಸರ ಮಾಡಲಿಲ್ಲ. ಒಂದೊಂದು ಭಾಗ ತೆಗೆಯುವಾಗಲೂ ಅದು ಹೇಗೆ ಕೂತಿತ್ತು ಎಂದು ನೋಡಿದಳು. ಚೈನಿನ ಸಡಿಲು ಒಂದು ಕಡೆ ಇರಬೇಕಿತ್ತು, ಇನ್ನೊಂದು ಕಡೆ ಉಳಿದಿತ್ತು. ಬಿಗಿ ಮಾಡಿದ ಕೂಡಲೇ ಮೇಲಿನ ಚಕ್ರ ಸರಿದುಹೋಗಿತ್ತು. ವಾಲ್ವುಗಳು ಬಾಗಿದ್ದವು.

ಇಂಜಿನ್ನಿನ ಮೇಲುಭಾಗವನ್ನು ಪೇಟೆಗೆ ಒಯ್ದು ಹೊಸ ವಾಲ್ವ್ ಕೂರಿಸಿಕೊಂಡು ಬರುವಷ್ಟರಲ್ಲಿ ಹಾಸ್ಟೆಲ್ಲಿನ ಕೆಲಸ ಬೇರೊಬ್ಬನಿಗೆ ಹೋಗಿತ್ತು. ಅವಳು ಹಾಸ್ಟೆಲ್ಲಿನ ಮೇಲ್ವಿಚಾರಕಿಯ ಬಳಿ ಹೋದಳು. ಮೇಲ್ವಿಚಾರಕಿ ಹೇಳಿದಳು: "ಮಕ್ಕಳಿಗೆ ನಿನ್ನ ರೊಟ್ಟಿಯೇ ಬೇಕಂತೆ. ಸೋಮವಾರ ಬೆಳಗ್ಗೆ ನಿನ್ನ ಗಾಡಿ ಬಾಗಿಲಿಗೆ ಬಂದರೆ ಕೆಲಸ ನಿನ್ನದು. ಬಾರದಿದ್ದರೆ ಅವನಿಗೇ ಕಾಯಂ. ಆಮೇಲೆ ನನ್ನನ್ನು ಕೇಳಬೇಡ."

ಭಾನುವಾರ ಸಂಜೆಗೆ ಚೈನ್ ಕೂತಿತು. ಓಣಿಯವರು ಮತ್ತೆ ಬಂದರು. ಕುಂಕುಮ ಬಂತು, ನಿಂಬೆಹಣ್ಣು ಬಂತು. ಗ್ಯಾರೇಜಿನವನೂ ಬಂದು ಕಟ್ಟೆಯ ಮೇಲೆ ಕೂತ.

ಅಜ್ಜಿ ಹೇಳಿದಳು: "ಹೋದ ಸಲದ ಹಾಗೆ ತಡ ಮಾಡಬೇಡ. ರಾಹುಕಾಲ ಇನ್ನೇನು ಬಂದೇಬಿಡ್ತು!"

"ಬಂದರೆ ಬರಲಿ ಅಜ್ಜಿ. ಕೂರಿಸಿ ಒಂದು ಲೋಟ ಚಹಾ ಕೊಡು. ನನ್ನ ಕೆಲಸ ಇನ್ನೂ ಬಾಕಿ ಇದೆ" ಎಂದಳು ಅವಳು.

ಓಣಿಯವರು ನಕ್ಕರು. ಅಜ್ಜಿ ಮುಖ ತಿರುಗಿಸಿದಳು. ಅವಳು ಸ್ಪ್ಯಾನರ್ ಹಿಡಿದು ಇಂಜಿನ್ನನ್ನು ಕೈಯಿಂದ ತಿರುಗಿಸತೊಡಗಿದಳು. ಆರಂಭದಲ್ಲಿ ಸಲೀಸಾಗಿ ತಿರುಗಿತು. ಮೊದಲ ಸುತ್ತು ಮುಗಿಯುವ ಮೊದಲೇ ಸ್ಪ್ಯಾನರ್ ನಿಂತಿತು. ಏನೋ ಗಟ್ಟಿಯಾದದ್ದು ಅಡ್ಡ ಬಂದಂತೆ ಅವಳ ಅಂಗೈಗೆ ತಾಗಿತು.

"ಸ್ವಲ್ಪ ಜೋರು ಹಾಕಿ ಅಕ್ಕಾ, ಹೊಸ ಚೈನ್ ಅಲ್ಲವೇ, ಬಿಗಿ ಇರುತ್ತದೆ" ಎಂದ ಗ್ಯಾರೇಜಿನವನು.

ಅವಳು ಜೋರು ಹಾಕಲಿಲ್ಲ. ಸ್ಪ್ಯಾನರನ್ನು ಮೆಲ್ಲಗೆ ಹಿಂದಕ್ಕೆ ತಂದಳು. ಮುಚ್ಚಳ ತೆಗೆದು ನೋಡಿದಳು. ಅಷ್ಟು ಎಚ್ಚರ ವಹಿಸಿದರೂ ಸಡಿಲು ಮತ್ತೆ ಅದೇ ತಪ್ಪು ಕಡೆಗೆ ಉಳಿದಿತ್ತು. ಮೇಲಿನ ಚಕ್ರ ಮತ್ತೆ ಸರಿದಿತ್ತು.

ಗ್ಯಾರೇಜಿನವನು ತೊಡೆ ತಟ್ಟಿ ನಕ್ಕ. "ಮತ್ತೆ ಅದೇ ತಪ್ಪಾ! ಇಷ್ಟೆಲ್ಲ ಮಾಡಿ ಏನು ಕಲಿತಿರಿ ಅಕ್ಕಾ?"

ಅವಳು ಅವನ ಕಡೆ ನೋಡಲೂ ಇಲ್ಲ. ಚೈನ್ ತೆಗೆದಳು. ಸಡಿಲನ್ನು ಬೆರಳಿನಿಂದ ಎಳೆದು ಸರಿಯಾದ ಕಡೆಗೆ ತಂದಳು, ಹಿಡಿದುಕೊಂಡೇ ಬಿಗಿ ಮಾಡಿದಳು. ಮತ್ತೆ ಕೈಯಿಂದ ತಿರುಗಿಸಿದಳು. ಎರಡು ಸುತ್ತು ತಡೆಯಿಲ್ಲದೆ ಬಂತು, ಗುರುತುಗಳು ಎದುರುಬದುರು ನಿಂತವು. ಅಷ್ಟು ಹೊತ್ತಿಗೆ ರಾಹುಕಾಲ ಬಂದು ಕೂತಾಗಿತ್ತು. ಅದರ ನಡುವೆಯೇ ಅವಳು ಕೀಲಿ ತಿರುಗಿಸಿದಳು. ಇಂಜಿನ್ ಒಂದೇ ಮಾತಿಗೆ ಎದ್ದಿತು.

ಸೋಮವಾರ ಬೆಳಗ್ಗೆ ರೊಟ್ಟಿ ಇನ್ನೂ ಬಿಸಿ ಇರುವಾಗಲೇ ವ್ಯಾನು ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತಿತ್ತು.

ಗುರುತಾಯಿ ಕತೆ ನಿಲ್ಲಿಸಿದರು.

ಶಿಷ್ಯೆ ಕೇಳಿದಳು: "ಗ್ಯಾರೇಜಿನವನು ಕೇಳಿದ್ದರಲ್ಲಿ ಸುಳ್ಳೇನಿದೆ ಅಮ್ಮಾ? ಎರಡನೆಯ ಸಲವೂ ಅವಳು ಅದೇ ತಪ್ಪನ್ನೇ ಮಾಡಿದಳಲ್ಲ."

ಗುರುತಾಯಿ ಹೇಳಿದರು: "ಹೌದು, ಅದೇ ತಪ್ಪು. ಮೊದಲ ಸಲ ಅದನ್ನು ಅವಳಿಗೆ ಇಂಜಿನ್ ಹೇಳಿತು, ಎರಡನೆಯ ಸಲ ಕೀಲಿ ತಿರುಗಿಸುವ ಮೊದಲೇ ಅಂಗೈ ಹೇಳಿತು."

ಶಿಷ್ಯೆ ಎದ್ದು ತಂಗಿ ಇದ್ದ ಮನೆಯ ಕಡೆಗೆ ಹೊರಟಳು.